ತಲೆಗೆ 11 ಗಿಲ್ಡರ್

ಫೆಬ್ರವರಿ ಕೊನೆಯಲ್ಲಿ ಅಪ್ಪ ನಮ್ಮನೆಗೆ ಬಂದರು. ಮಂಕಿ ಟೋಪಿ, ಅದರ ಮೇಲೊಂದು ಮಫ್ಲರ್, ಸೂಟ್‌ಕೇಸಿನ ಅರ್ಧ ಭಾಗ ತಿಪಟೂರಿನ ಕೊಬ್ಬರಿ. ನೆದರ್ಲೆಂಡ್ಸ್ ಅಂದರೆ ಎಲ್ಲರಿಗೂ ಟುಲಿಪ್ ಹೂವು, ಆಮ್‌ಸ್ಟರ್‌ಡ್ಯಾಮ್ ಕಾಲುವೆ. ನಾವಿರೋದು ದಕ್ಷಿಣದ ಐಂಡ್‌ಹೋವನ್‌ನಲ್ಲಿ. ಇಲ್ಲಿ ಕಾಲುವೆಯ ಚೆಂದವೂ ಇಲ್ಲ, ಟುಲಿಪ್ ಅರಳೋಕೆ ಇನ್ನೂ ಒಂದೂವರೆ ತಿಂಗಳಿತ್ತು. "ಮೊದಲು ಎಲ್ಲಿಗೆ ಹೋಗೋಣ ಅಪ್ಪ?" ಅಂದರೆ, "ಇಲ್ಲಿನ ಮುನಿಸಿಪಾಲಿಟಿ ಆಫೀಸ್ ತೋರಿಸು" ಅಂದರು.

ನಗಬೇಡಿ. ಅಪ್ಪ ನಮ್ಮ ಜಿಲ್ಲೆಯ ಒಂದು ಪುರಸಭೆಯಲ್ಲಿ 31 ವರ್ಷ ಕಂದಾಯ ವಸೂಲಿ ಮಾಡಿ ನಿವೃತ್ತರಾದವರು. ಯಾವ ಊರಿಗೆ ಹೋದರೂ ಅವರ ಕಣ್ಣು ಮೊದಲು ಹೋಗೋದು ಚರಂಡಿಗೆ, ಬೀದಿ ದೀಪಕ್ಕೆ, ಆಮೇಲೆ ದೇವಸ್ಥಾನಕ್ಕೆ.

ನಗರಸಭೆಯ ಕಟ್ಟಡ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ಹಿಡಿಸಿದ್ದು ಸ್ಟ್ರೈಪ್-ಎಸ್ ಅನ್ನೋ ಬಡಾವಣೆ. ಮನೆಯಿಂದ ನಡೆದೇ ಹೋಗಬಹುದು. ಎತ್ತರದ ಬಿಳಿ ಕಾಂಕ್ರೀಟ್ ಕಟ್ಟಡಗಳು, ಒಂದರ ಮೇಲೆ ದೊಡ್ಡ ಗಡಿಯಾರ, ಒಳಗೆ ಕೆಫೆ, ಸ್ಟಾರ್ಟಪ್, ಸ್ಕೇಟಿಂಗ್ ಆಡೋ ಹುಡುಗರು. ಹಿಂದೆ ಇದೆಲ್ಲ ಫಿಲಿಪ್ಸ್ ಕಾರ್ಖಾನೆ. ಸುತ್ತ ಬೇಲಿ, ಕಾರ್ಮಿಕರಿಗೆ ಬಿಟ್ಟರೆ ಬೇರೆಯವರಿಗೆ ಪ್ರವೇಶ ಇರಲಿಲ್ಲ. ಊರಿನವರು ಇದನ್ನು 'ನಿಷೇಧಿತ ನಗರ' ಅಂತಲೇ ಕರೀತಿದ್ದರು.

ಫಿಲಿಪ್ಸ್ ಬಲ್ಬು ಗೊತ್ತಿಲ್ಲದ ಕನ್ನಡಿಗರಿಲ್ಲ. ಆ ಬಲ್ಬು ಹುಟ್ಟಿದ್ದು ಈ ಊರಲ್ಲೇ, 1891ರಲ್ಲಿ. ಕಾರ್ಖಾನೆ ಎಷ್ಟು ಬೆಳೆಯಿತು ಅಂದರೆ 1920ರಲ್ಲಿ ಸುತ್ತಲಿನ ಐದು ಹಳ್ಳಿಗಳನ್ನು ಸೇರಿಸಿಕೊಂಡು ಇವತ್ತಿನ ಐಂಡ್‌ಹೋವನ್ ಆಯಿತು. ಕಾರ್ಮಿಕರ ಮನೆಗಳನ್ನು ಕಟ್ಟಿಸಿದ್ದು ಫಿಲಿಪ್ಸ್. ಫುಟ್‌ಬಾಲ್ ತಂಡ ಪಿಎಸ್‌ವಿಯ ಮೊದಲಕ್ಷರ 'ಪಿ' ಕೂಡ ಫಿಲಿಪ್ಸೇ.

"ನಮ್ಮೂರಿಗೆ ಕೊಬ್ಬರಿ ಇದ್ದ ಹಾಗೆ" ಅಂದರು ಅಪ್ಪ. ಸರಿಯಾದ ಮಾತು. ತಿಪಟೂರಲ್ಲಿ ಕೊಬ್ಬರಿ ರೇಟು ಬಿದ್ದ ವರ್ಷ ಬಟ್ಟೆ ಅಂಗಡಿಗೂ ವ್ಯಾಪಾರ ಇಲ್ಲ, ಛತ್ರಗಳೂ ಖಾಲಿ.

ಐಂಡ್‌ಹೋವನ್‌ಗೆ ಆ ವರ್ಷ ಬಂದದ್ದು 90ರ ದಶಕದ ಶುರುವಿನಲ್ಲಿ. ಫಿಲಿಪ್ಸ್ ಜಗತ್ತಿನಾದ್ಯಂತ ಹತ್ತಾರು ಸಾವಿರ ಜನರನ್ನು ಕೆಲಸದಿಂದ ತೆಗೆಯಿತು. 1993ರಲ್ಲಿ ಊರಿನ ಇನ್ನೊಂದು ದೊಡ್ಡ ಆಸರೆ, ಟ್ರಕ್ ತಯಾರಿಸುವ ಡಾಫ್ ಕಂಪನಿ, ದಿವಾಳಿ ಎದ್ದಿತು. ಕೆಲವು ವರ್ಷಗಳಲ್ಲಿ ಫಿಲಿಪ್ಸ್ ತನ್ನ ಮುಖ್ಯ ಕಚೇರಿಯನ್ನೂ ಆಮ್‌ಸ್ಟರ್‌ಡ್ಯಾಮ್‌ಗೆ ಸಾಗಿಸಿತು. ನಮ್ಮ ಸಾಲಿನ ಕೊನೇ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಅವರ ಯಜಮಾನರು ಆಗ ಕೆಲಸ ಕಳಕೊಂಡವರು. "ಬೆಳಿಗ್ಗೆ ಸೈಕಲ್ ತಗೊಂಡು ಹೊರಟುಬಿಡ್ತಿದ್ದರು, ಎಲ್ಲಿಗೆ ಅಂತ ನಾನು ಕೇಳ್ತಿರಲಿಲ್ಲ" ಅಂತ ಹೇಳಿದ್ದರು. ನನ್ನ ಅರೆಬರೆ ಡಚ್‌ಗೆ ಅರ್ಥವಾದದ್ದು ಇಷ್ಟು. ಅಪ್ಪನಿಗೆ ಅನುವಾದಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೇಳಿದರು, "ಆಗ ಮುನಿಸಿಪಾಲಿಟಿಯವರು ಏನು ಮಾಡಿದರು?"

ಈ ಪ್ರಶ್ನೆ ಐದು ವರ್ಷದಿಂದ ಇಲ್ಲಿರೋ ನನಗೆ ಹೊಳೆದೇ ಇರಲಿಲ್ಲ. ಉತ್ತರ ಹುಡುಕಿದಾಗ ಸಿಕ್ಕ ಕತೆ ಇದು. ಆಗಿನ ಮೇಯರ್ ರೈನ್ ವೆಲ್ಶನ್, ತಾಂತ್ರಿಕ ವಿಶ್ವವಿದ್ಯಾಲಯದ ಮುಖ್ಯಸ್ಥರು, ವಾಣಿಜ್ಯ ಮಂಡಳಿಯ ಅಧ್ಯಕ್ಷರು ಒಟ್ಟಿಗೆ ಕೂತರು. ಸುತ್ತಲಿನ ಊರುಗಳ ಪುರಸಭೆಗಳನ್ನೂ ಒಪ್ಪಿಸಿದರು. ಪ್ರತಿ ಪುರಸಭೆ ತನ್ನಲ್ಲಿರೋ ಜನಸಂಖ್ಯೆ ಲೆಕ್ಕ ಹಾಕಿ ತಲೆಗೆ 11 ಗಿಲ್ಡರ್ ಕೊಡಬೇಕು. ಅಂದರೆ ಇವತ್ತಿನ ಸುಮಾರು 5 ಯೂರೋ. ಕಾರ್ಖಾನೆ ಇರೋ ಊರೂ ಕೊಡಬೇಕು, ಬರೀ ಹೊಲಗದ್ದೆ ಇರೋ ಊರೂ ಕೊಡಬೇಕು. ಆ ಹಣದಿಂದ ಒಂದು ನಿಧಿ.

"ತಲೆಗಂದಾಯ!" ಅಂದರು ಅಪ್ಪ, ಖುಷಿಯಿಂದ. "ಎಲ್ಲರೂ ಕೊಟ್ರಾ?"

ಕೊಟ್ಟರು. ದೊಡ್ಡ ಮೊತ್ತವೇನಲ್ಲ. ಆದರೆ ಬ್ರಸೆಲ್ಸ್‌ನ ಬಾಗಿಲು ತಟ್ಟೋಕೆ ಕೈಯಲ್ಲಿ ಏನಾದರೂ ಬೇಕಿತ್ತು. ಉದ್ಯಮ ಕುಸಿದ ಪ್ರದೇಶಗಳಿಗೆ ಅಂತ ಯುರೋಪಿಯನ್ ಒಕ್ಕೂಟ ಇಟ್ಟಿದ್ದ ಹಣ 1994ರಿಂದ ಈ ಭಾಗಕ್ಕೂ ಬರತೊಡಗಿತು. ಆ ಕಾರ್ಯಕ್ರಮದ ಹೆಸರು ಸ್ಟಿಮ್ಯುಲಸ್. ಇವತ್ತೂ ದಕ್ಷಿಣ ನೆದರ್ಲೆಂಡ್ಸ್‌ನ ಮೂರು ಪ್ರಾಂತ್ಯಗಳಿಗೆ ಬರುವ ಯುರೋಪಿನ ಅಭಿವೃದ್ಧಿ ಹಣವನ್ನು ಹಂಚೋದು ಐಂಡ್‌ಹೋವನ್‌ನಲ್ಲಿರೋ ಅದೇ ಹೆಸರಿನ ಕಚೇರಿ. ರಾಜಧಾನಿಯಿಂದ ಅಲ್ಲ, ಇಲ್ಲಿಂದಲೇ.

ಒಂದು ದಿನ ವಾಕಿಂಗ್‌ನಲ್ಲಿ ಕಟ್ಟಡವೊಂದರ ಬಾಗಿಲ ಪಕ್ಕ ಪುಟ್ಟ ನೀಲಿ ಫಲಕ ಕಂಡಿತು. 12 ಹಳದಿ ನಕ್ಷತ್ರ, ಯುರೋಪಿನ ನೆರವಿನಿಂದ ಅಂತ ಒಂದು ಸಾಲು. ನಮ್ಮ ಕಡೆ ಆಗಿದ್ದರೆ ಶಾಸಕರು, ಸಂಸದರು, ಉಸ್ತುವಾರಿ ಸಚಿವರ ಹೆಸರಿನ ಗ್ರಾನೈಟ್ ಕಲ್ಲೇ ಇರ್ತಿತ್ತು. ಅಪ್ಪ ಅಲ್ಲೇ ನಿಂತು ನನ್ನ ಫೋನಿನಲ್ಲಿ ಒಂದೊಂದನ್ನೇ ಹುಡುಕಿಸಿದರು.

ಒಕ್ಕೂಟದ ಈ ಪ್ರಾದೇಶಿಕ ನಿಧಿ ಶುರುವಾಗಿದ್ದು 1975ರಲ್ಲಿ. ಇವತ್ತು ಒಕ್ಕೂಟದ ಬಜೆಟ್ಟಿನ ಸುಮಾರು ಮೂರನೇ ಒಂದು ಭಾಗ ಹೋಗೋದು ಪ್ರದೇಶಗಳ ನಡುವಿನ ಅಂತರ ತಗ್ಗಿಸೋಕೆ. ದೇಶ ಬಡದೋ ಶ್ರೀಮಂತವೋ ಅಂತ ಮಾತ್ರ ನೋಡೋದಿಲ್ಲ, ಒಳಗಿನ ಪ್ರದೇಶಗಳನ್ನೂ ಅಳೀತಾರೆ. ತಲಾ ಆದಾಯ ಯುರೋಪಿನ ಸರಾಸರಿಯ ಶೇ 75ಕ್ಕಿಂತ ಕಡಿಮೆ ಇದ್ದರೆ ಹಿಂದುಳಿದ ಪ್ರದೇಶ. ಅಲ್ಲಿನ ಯೋಜನೆಗೆ ಶೇ 85ರವರೆಗೂ ಯುರೋಪೇ ಕೊಡುತ್ತೆ. ನಮ್ಮಂಥ ಮುಂದುವರಿದ ಕಡೆಗೆ ಸಾಮಾನ್ಯವಾಗಿ ಶೇ 40ರವರೆಗೆ, ಉಳಿದದ್ದು ಇಲ್ಲಿಯವರೇ ಹೊಂದಿಸಬೇಕು. ಈ ಪ್ರಾದೇಶಿಕ ನಿಧಿಯಲ್ಲಿ ಕನಿಷ್ಠ ಶೇ 8 ನಗರಗಳ ಅಭಿವೃದ್ಧಿಗೇ ಮೀಸಲು. ಬ್ರಸೆಲ್ಸ್‌ನಲ್ಲಿ ಪ್ರದೇಶ, ನಗರಗಳ ಪ್ರತಿನಿಧಿಗಳದ್ದೇ 329 ಸದಸ್ಯರ ಒಂದು ಸಮಿತಿಯೂ ಇದೆ, 1994ರಿಂದ. ಆದರೆ ಅದು ಸಲಹೆ ಕೊಡಬಹುದು ಅಷ್ಟೇ. "ಹಲ್ಲಿಲ್ಲದ ಹಾವು" ಅಂದರು ಅಪ್ಪ.

ಇಲ್ಲಿನದೆಲ್ಲ ಬಂಗಾರ ಅಂತ ಅಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನಲ್ಲೂ ಪುರಸಭೆಗಳ ಆದಾಯದ ಬಹುಪಾಲು ಬರೋದು ಕೇಂದ್ರ ಸರ್ಕಾರದಿಂದಲೇ. ಮೇಯರ್‌ನನ್ನು ಜನ ಆರಿಸೋದೂ ಇಲ್ಲ, ಕೌನ್ಸಿಲ್ ಹೆಸರು ಸೂಚಿಸುತ್ತೆ, ಅರಮನೆಯ ಮುದ್ರೆ ಬೀಳುತ್ತೆ. ಇದನ್ನು ಕೇಳಿ ಅಪ್ಪನಿಗೆ ಒಂಥರಾ ಸಮಾಧಾನವೇ ಆಯಿತು. ಆದರೂ ಅವರು ಮತ್ತೆ ಮತ್ತೆ 11 ಗಿಲ್ಡರ್‌ಗೇ ವಾಪಸ್ ಬರುತ್ತಿದ್ದರು. "ನಮ್ಮಲ್ಲಿ ಪಕ್ಕದ ಊರಿನ ಪುರಸಭೆ ಜೊತೆ ಕೂತು ಕಾಫಿ ಕುಡಿದದ್ದೂ ನೆನಪಿಲ್ಲ ಕಣಮ್ಮ. ಮೇಲಿಂದ ಅನುದಾನ ಬರುತ್ತಾ ಅಂತ ಇಬ್ಬರೂ ಒಂದೇ ಬಾಗಿಲು ಕಾಯ್ತಿದ್ವಿ."

ಇವತ್ತು ಈ ಪ್ರದೇಶದಲ್ಲಿ 21 ಪುರಸಭೆಗಳು ಒಟ್ಟಾಗಿ ಕೆಲಸ ಮಾಡುತ್ತವೆ. ಕಂಪನಿಗಳು, ವಿಶ್ವವಿದ್ಯಾಲಯ, ಮೇಯರ್‌ಗಳು ಕೂತು ಮಾತಾಡೋ ಆ ಹಳೇ ಮೇಜಿಗೆ ಈಗ ಬ್ರೈನ್‌ಪೋರ್ಟ್ ಅಂತ ಹೆಸರು. ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಎಎಸ್‌ಎಂಎಲ್ ಇದೆ. 1984ರಲ್ಲಿ ಫಿಲಿಪ್ಸ್ ಪಾಲುದಾರಿಕೆಯಲ್ಲಿ ಹುಟ್ಟಿದ ಕಂಪನಿ. ನಿಮ್ಮ ಕೈಯಲ್ಲಿರೋ ಫೋನಿನ ಚಿಪ್ ತಯಾರಿಸೋಕೆ ಇವರ ಯಂತ್ರ ಬೇಕು. ನಾನು ಬೆಂಗಳೂರು ಬಿಟ್ಟು ಬಂದದ್ದೂ ಆ ಯಂತ್ರದ ಬಿಡಿಭಾಗ ಒದಗಿಸೋ ಒಂದು ಕಂಪನಿಗೆ. ನನ್ನ ಥರದ ಸಾವಿರಾರು ಜನ ಬಂದಿದ್ದೀವಿ. ದೀಪಾವಳಿಗೆ ಇಲ್ಲಿ ಹೋಳಿಗೆ ಹಂಚೋಕೆ ಮನೆ ಹುಡುಕಬೇಕಿಲ್ಲ.

ಮನೆ ಹುಡುಕಬೇಕಾಗಿರೋದು ಬೇರೆಯವರು. ಕೊನೇ ಮನೆ ಅಜ್ಜಿಯ ಮೊಮ್ಮಗನಿಗೆ 28 ವರ್ಷ, ಬಸ್ ಚಾಲಕ, ಇನ್ನೂ ಅಮ್ಮನ ಮನೆಯಲ್ಲೇ ಇದ್ದಾನೆ. ಕಡಿಮೆ ಬಾಡಿಗೆಯ ಮನೆಗೆ ಹೆಸರು ಬರೆಸಿ ವರ್ಷಗಳಾಗಿವೆ. ನಾನಿರೋ ಮನೆಯ ಬಾಡಿಗೆ ಎಷ್ಟು ಅಂತ ಅಜ್ಜಿ ಒಮ್ಮೆ ಕೇಳಿದ್ದರು. ಹೇಳಿದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ, "ಓ" ಅಂದರು ಅಷ್ಟೇ. ಆ "ಓ" ನನಗೆ ಇವತ್ತೂ ಚುಚ್ಚುತ್ತೆ.

2024ರಲ್ಲಿ ಎಎಸ್‌ಎಂಎಲ್ ಬೇರೆ ದೇಶದಲ್ಲಿ ಬೆಳೆಯಬಹುದು ಅನ್ನೋ ಸುದ್ದಿ ಎದ್ದಾಗ ಸರ್ಕಾರ ಗಡಿಬಿಡಿಯಲ್ಲಿ 2.5 ಬಿಲಿಯನ್ ಯೂರೋಗಳ ಯೋಜನೆ ಘೋಷಿಸಿತು. ಮನೆ, ರಸ್ತೆ, ವಿದ್ಯುತ್ ಜಾಲ, ತಾಂತ್ರಿಕ ಶಿಕ್ಷಣ ಎಲ್ಲಕ್ಕೂ. ಹೆಸರು ಬೀಥೋವನ್. ಕಂಪನಿ 20,000 ಜನ ಕೂರುವಷ್ಟು ಜಾಗಕ್ಕೆ ಐಂಡ್‌ಹೋವನ್‌ನಲ್ಲೇ ಕೈ ಹಾಕಿದೆ. ಅಪ್ಪ ಇದನ್ನೆಲ್ಲ ಕೇಳಿ, "ಅಲ್ಲಮ್ಮ, ಮತ್ತೆ ಒಂದೇ ಮರಕ್ಕೆ ಜೋತುಬಿದ್ದಿದ್ದಾರಲ್ಲ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮರದ ಎಳನೀರು ಕುಡೀತಿರೋಳು ನಾನೇ.

ಮಾರ್ಚ್ ಮೊದಲ ವಾರ ಅಂಚೆಯಲ್ಲಿ ನನ್ನ ಹೆಸರಿಗೆ ಒಂದು ಲಕೋಟೆ ಬಂತು. ಮತದಾನದ ಚೀಟಿ. ಇಲ್ಲಿ ವಿದೇಶಿಯರೂ ಐದು ವರ್ಷ ಕಾನೂನುಬದ್ಧವಾಗಿ ವಾಸ ಇದ್ದರೆ ನಗರಸಭೆ ಚುನಾವಣೆಯಲ್ಲಿ ಮತ ಹಾಕಬಹುದು. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಬೆಂಗಳೂರಲ್ಲಿ ಯಾವಾಗ ಹಾಕಿದ್ದೆ?" ಅಂತ ಕೇಳಿದರು. ನೆನಪು ಮಾಡಿಕೊಂಡೆ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದಿತ್ತು, ನಾನು ಊರು ಬಿಟ್ಟಾಗ ಹೊಸ ಚುನಾವಣೆ ಸುದ್ದಿಯೇ ಇರಲಿಲ್ಲ, ಆಮೇಲೂ ವರ್ಷಗಟ್ಟಲೆ ನಡೆಯಲಿಲ್ಲ. ಕಾರ್ಪೊರೇಟರ್ ಯಾರು ಅಂತ ಹೆಸರು ಗೊತ್ತಿಲ್ಲದೇ ಬೆಂಗಳೂರಲ್ಲಿ ಆರು ವರ್ಷ ಬದುಕಿದ್ದೆ.

18ನೇ ತಾರೀಖು ಆಫೀಸಿಗೆ ಹೋಗೋ ಮೊದಲು ಶಾಲೆಯೊಂದರಲ್ಲಿದ್ದ ಮತಗಟ್ಟೆಗೆ ಹೋದೆ. ಹಿಂದಿನ ರಾತ್ರಿ ಪಕ್ಷಗಳ ಕರಪತ್ರಗಳನ್ನು ಫೋನಿನಲ್ಲಿ ಅನುವಾದಿಸಿಕೊಂಡು ಓದಿದ್ದೆ, ಮನೆ ಬಾಡಿಗೆ ಬಗ್ಗೆ ಯಾರು ಏನು ಹೇಳಿದ್ದಾರೆ ಅಂತ. ಅಜ್ಜಿಯನ್ನೂ ಕೇಳಿದ್ದೆ, ಅವರು ತಮ್ಮ ಆಯ್ಕೆ ಹೇಳಲಿಲ್ಲ. ಮತಪತ್ರ ಅಂದರೆ ನ್ಯೂಸ್‌ಪೇಪರಿನಷ್ಟು ಅಗಲ, ಅದರ ತುಂಬ ಹೆಸರುಗಳು. ದಾರ ಕಟ್ಟಿದ ಕೆಂಪು ಪೆನ್ಸಿಲ್‌ನಲ್ಲಿ ಒಂದು ಪುಟ್ಟ ವೃತ್ತ ತುಂಬಬೇಕು. ಬೆಂಗಳೂರಿನ ಬೀಪ್ ಸದ್ದಿಗೆ ಒಗ್ಗಿದ ಕೈ ಸ್ವಲ್ಪ ನಡುಗಿತು.

ಅಪ್ಪ ಹೊರಗೆ ಚಳಿಯಲ್ಲಿ ಕಾಯುತ್ತಿದ್ದರು. ನಾನು ಬರುತ್ತಿದ್ದ ಹಾಗೇ ನನ್ನ ಎಡಗೈ ಹಿಡಿದು ಬೆರಳು ನೋಡಿದರು.

"ಶಾಯಿ ಹಾಕಲಿಲ್ವಾ?"

"ಇಲ್ಲಿ ಹಾಕಲ್ಲ ಅಪ್ಪ."

"ಮತ್ತೆ ನೀನು ಓಟು ಹಾಕಿದ್ದು ಆ ಅಜ್ಜಿಗೆ ಹೇಗೆ ಗೊತ್ತಾಗಬೇಕು?" ಅಂದು, ಮಫ್ಲರ್ ಸರಿಮಾಡಿಕೊಂಡು ಮನೆ ಕಡೆ ಹೊರಟರು.