ಸೊನ್ನೆಯ ಲೆಕ್ಕ ತಪ್ಪದ ರಿಂಗ್‌ಗಳು

ಹಿಂದುಮುಂದಾಗಿ ಗುಣಿಸಿದರೆ ಉತ್ತರವೇ ಬೇರೆ ಬರಬಹುದಾದ ರಿಂಗ್‌ಗಳ ಮಾತು ಇದು. ಒಂದು ಸಿಂಪಲ್ ಮಾಡ್ಯೂಲನ್ನು (ಅಂದರೆ ಒಳಗೆ ತನಗಿಂತ ಚಿಕ್ಕ ಮಾಡ್ಯೂಲ್, ಸೊನ್ನೆ ಬಿಟ್ಟು, ಇಲ್ಲದ್ದನ್ನು) ಪೂರ್ತಿ ಸೊನ್ನೆ ಮಾಡಿಬಿಡುವ ರಿಂಗಿನ ಸದಸ್ಯರನ್ನೆಲ್ಲ ಒಟ್ಟುಹಾಕಿದರೆ ಅದೇ ಪ್ರಿಮಿಟಿವ್ ಐಡಿಯಲ್. ವ್ಯಾಖ್ಯೆ ಇಷ್ಟೇ. ತಲೆನೋವು ಆಮೇಲಿನದು.

ಪೂರ್ಣಾಂಕಗಳಲ್ಲಿ ತಕರಾರಿಲ್ಲ. 7ರ ಮಗ್ಗಿಯ ಸಂಖ್ಯೆಗಳು, ಸೊನ್ನೆ, ಋಣ ಸಂಖ್ಯೆಗಳು ಎಲ್ಲ ಸೇರಿ ಒಂದು ಪ್ರಿಮಿಟಿವ್ ಐಡಿಯಲ್. ಅದೇ ಮ್ಯಾಕ್ಸಿಮಲ್ ಕೂಡ. ಪರಿವರ್ತನೀಯ ರಿಂಗ್‌ಗಳಲ್ಲಿ ಎರಡೂ ಒಂದೇ.

ವೈಲ್ ಆಲ್ಜೀಬ್ರಕ್ಕೆ ಬಂದರೆ ಕಥೆ ಬೇರೆ. ಅಲ್ಲಿರುವುದು ಎರಡೇ ಕೆಲಸ: ಎಕ್ಸ್‌ನಿಂದ ಗುಣಿಸುವುದು, ಅವಕಲಿಸುವುದು. ಎಕ್ಸ್ ವರ್ಗವನ್ನು ಮೊದಲು ಗುಣಿಸಿ ಆಮೇಲೆ ಅವಕಲಿಸಿದರೆ 3 ಎಕ್ಸ್ ವರ್ಗ. ಮೊದಲು ಅವಕಲಿಸಿ ಆಮೇಲೆ ಗುಣಿಸಿದರೆ 2 ಎಕ್ಸ್ ವರ್ಗ. ವ್ಯತ್ಯಾಸ, ಇಟ್ಟ ಎಕ್ಸ್ ವರ್ಗವೇ! ಬಹುಪದೋಕ್ತಿ ಯಾವುದೇ ಇರಲಿ, ಹೀಗೇ ಆಗುತ್ತದೆ. ಅವಕಲಿಸುತ್ತ ಹೋದರೆ ಬರಿಯ ಸ್ಥಿರಾಂಕ ಉಳಿಯುತ್ತದೆ, ಅದರಿಂದ ಮತ್ತೆ ಗುಣಿಸುತ್ತ ಎಲ್ಲ ಬಹುಪದೋಕ್ತಿಗಳನ್ನೂ ಕಟ್ಟಬಹುದು. ಹಾಗಾಗಿ ಬಹುಪದೋಕ್ತಿಗಳ ಈ ಮಾಡ್ಯೂಲ್ ಸಿಂಪಲ್. ಇದನ್ನು ಸೊನ್ನೆ ಮಾಡುವುದು ಸೊನ್ನೆಯೊಂದೇ.

ಬಹುಪದೋಕ್ತಿಗಳನ್ನೆಲ್ಲ ಎಕ್ಸ್‌ಪೊನೆನ್ಷಿಯಲ್ ಫಂಕ್ಷನ್‌ನಿಂದ ಗುಣಿಸಿಟ್ಟರೆ ಇನ್ನೊಂದು ಸಿಂಪಲ್ ಮಾಡ್ಯೂಲ್. ಘಾತದಲ್ಲಿ ಎಕ್ಸ್ ಬದಲು 2 ಎಕ್ಸ್, 5 ಎಕ್ಸ್ ಇಟ್ಟರೆ ಮತ್ತೊಂದು, ಮಗದೊಂದು. ಒಂದರಂತೆ ಒಂದಿಲ್ಲ; ಐಡಿಯಲ್ ಮಾತ್ರ ಎಲ್ಲಕ್ಕೂ ಸೊನ್ನೆಯೇ. ಊರಿನ ಮನೆಗಳಿಗೆಲ್ಲ ಒಂದೇ ಡೋರ್ ನಂಬರ್ ಕೊಟ್ಟ ಹಾಗೆ. ಇಂಥ ವಿಳಾಸ ಯಾರಿಗೆ ಬೇಕು?

ಬೇಕಂತೆ. ಸೆಮಿಸಿಂಪಲ್ ಲೀ ಆಲ್ಜೀಬ್ರಗಳ ಎನ್ವಲಪಿಂಗ್ ಆಲ್ಜೀಬ್ರಗಳಲ್ಲಿ ಸಿಂಪಲ್ ಮಾಡ್ಯೂಲ್‌ಗಳು ಲೆಕ್ಕಕ್ಕೆ ಸಿಗುವಂಥವಲ್ಲ. ಆದರೆ 1977ರಲ್ಲಿ ಮಿಶೆಲ್ ಡುಫ್ಲೊ ತೋರಿಸಿದ್ದು: ಪ್ರಿಮಿಟಿವ್ ಐಡಿಯಲ್‌ಗಳಷ್ಟೇ ಸಾಕೆಂದರೆ, ಹೈಯೆಸ್ಟ್ ವೇಟ್ ಇರುವ ಪಳಗಿದ ಮಾಡ್ಯೂಲ್‌ಗಳಿಂದಲೇ ಅಷ್ಟೂ ಸಿಗುತ್ತವೆ. ಹುಚ್ಚು ಮಾಡ್ಯೂಲ್‌ಗಳನ್ನು ಮುಟ್ಟಲೇಬೇಕಿಲ್ಲ. ಈ ಅಗ್ಗದ ವ್ಯಾಪಾರ ಹೇಗೆ ಗಿಟ್ಟಿತೋ ಎಂದು ನನಗೆ ಇನ್ನೂ ಬೆರಗು.

ಮಾಡ್ಯೂಲನ್ನು ರಿಂಗ್ ಗುಣಿಸುವುದು ಎಡದಿಂದಲೋ ಬಲದಿಂದಲೋ ಎಂಬ ಗೋಜಲು ಬೇರೆ. ನೇಥನ್ ಜೇಕಬ್ಸನ್ 1945ರಲ್ಲಿ ಕಟ್ಟಿಕೊಟ್ಟ ರ‍್ಯಾಡಿಕಲ್ ಎಂದರೆ ಎಲ್ಲ ಪ್ರಿಮಿಟಿವ್ ಐಡಿಯಲ್‌ಗಳಿಗೂ ಸಾಮಾನ್ಯವಾದ ಭಾಗ. ಎಡ ಮಾಡ್ಯೂಲ್‌ಗಳಿಂದ ತೆಗೆದರೂ ಬಲದವುಗಳಿಂದ ತೆಗೆದರೂ ಅದೇ ರ‍್ಯಾಡಿಕಲ್. ಹಾಗಿದ್ದರೆ ಐಡಿಯಲ್‌ಗಳೂ ಅವೇ ಇರಬೇಕಲ್ಲ? 1964ರಲ್ಲಿ ಜಾರ್ಜ್ ಬರ್ಗ್‌ಮನ್ ಬಲಕ್ಕೆ ಪ್ರಿಮಿಟಿವ್ ಆಗಿ ಎಡಕ್ಕೆ ಆಗದ ರಿಂಗೊಂದನ್ನು ಕಟ್ಟಿ ತೋರಿಸಿದರು. ಅದರಲ್ಲಿ ಸೊನ್ನೆ ಬಲದ ಪಟ್ಟಿಯಲ್ಲಿದೆ, ಎಡದ ಪಟ್ಟಿಯಲ್ಲಿಲ್ಲ. ಆದರೂ ಎಡದ ಪಟ್ಟಿಯವೆಲ್ಲ ಕೂಡುವ ಜಾಗ ಆ ಸೊನ್ನೆಯೇ.