ಡಬ್ಬಿಯ ತಳದ ದ್ರಾಕ್ಷಿ, ಉತ್ತತ್ತಿ
ಹಳೆಯ ಒಣದ್ರಾಕ್ಷಿ ಗಟ್ಟಿಯಾದ ಮಾತ್ರಕ್ಕೆ ಕೆಟ್ಟಿರುವುದಿಲ್ಲ. ಅದರಲ್ಲಿದ್ದ ಶೇ 15ರಷ್ಟು ನೀರಿನಂಶವೂ ಆರುತ್ತಾ ಬಂದಿರುತ್ತದೆ. ಮೇಲಿನ ಬಿಳಿ ಹರಳು ಸಾಮಾನ್ಯವಾಗಿ ಹಣ್ಣಿನದೇ ಸಕ್ಕರೆ, ಬಿಸಿನೀರಿನಲ್ಲಿ ಕರಗುತ್ತದೆ. ಕರಗದೆ ಹತ್ತಿಯಂತೆ ಕಂಡರೆ, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಬಲೆ ಕಟ್ಟಿದ್ದರೆ ಹುಳು. ಅಂಥದ್ದನ್ನು ತೊಳೆದು ಉಳಿಸಿಕೊಳ್ಳುವ ಆಸೆ ಬೇಡವೇ ಬೇಡ.

ಕೆಂಗೇರಿ ಉಪನಗರದಂಥ ಕಡೆಯ ಅಡುಗೆಮನೆಗಳಲ್ಲಿ ಒಣದ್ರಾಕ್ಷಿ, ಉತ್ತತ್ತಿ ಉಳಿಯುವುದು ಹೆಚ್ಚಾಗಿ ಹಬ್ಬ, ಪೂಜೆಗಳ ನಂತರ: ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯಕ್ಕೆ ತಂದ ವಿಜಯಪುರದ ದ್ರಾಕ್ಷಿ ಅರ್ಧ ಪೊಟ್ಟಣ, ತಾಂಬೂಲದಲ್ಲಿ ಬಂದ ನಾಲ್ಕಾರು ಉತ್ತತ್ತಿ. ದ್ರಾಕ್ಷಿಗೆ ಬೆಚ್ಚಗಿನ ನೀರಿನಲ್ಲಿ 20 ನಿಮಿಷ ಸಾಕು. ನೆನೆಸಿದ ನೀರಿಗೆ ಸಿಹಿ ಇಳಿದಿರುತ್ತದೆ, ಅದನ್ನು ಚೆಲ್ಲದೆ ಪಾಯಸಕ್ಕೆ ಹಾಕಬೇಕು. ಸಿಹಿ ಇಳಿಯದಂತೆ ಮೆತ್ತಗಾಗಬೇಕಾದರೆ ಇಡ್ಲಿ ತಟ್ಟೆಯಲ್ಲಿಟ್ಟು 5 ನಿಮಿಷ ಹಬೆಯಾಡಿಸುವುದೇ ಮೇಲು. ಉತ್ತತ್ತಿ ಮಾತ್ರ ಹಟಮಾರಿ. ಅದು ರಾತ್ರಿಯಿಡೀ ನೆನೆಯಬೇಕು. ಬೆಳಗ್ಗೆ ಬೀಜ ಸಲೀಸಾಗಿ ಬಿಡುತ್ತದೆ, ಹಾಲಿನೊಂದಿಗೆ ರುಬ್ಬಿ ಕಾಯಿಸಿದರೆ ಸಕ್ಕರೆಯೇ ಬೇಡ.

ಬಣ್ಣ ಕಂದಿದ ದ್ರಾಕ್ಷಿಗೆ ಕೇಸರಿಬಾತ್‌ಗಿಂತ ಗೊಜ್ಜೇ ಸರಿಯಾದ ಜಾಗ. ಹುಣಸೆ ರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಕುದಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ದೋಸೆಗೆ ಬಲು ಚೆನ್ನ. ನೀರು ಕುಡಿದ ಹಣ್ಣನ್ನು ಮತ್ತೆ ಡಬ್ಬಿಗೆ ಸೇರಿಸಬಾರದು. ಫ್ರಿಜ್‌ನಲ್ಲಿಟ್ಟು 2–3 ದಿನಗಳೊಳಗೆ ಬಳಸಬೇಕು.