ಹಿಂದಿ ನಾಲ್ಕು

ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ರೆಸ್ ಶಾಪಿನಲ್ಲಿ ನಾನು ಸೂಪರ್‌ವೈಸರ್. ತಗಡಿನಿಂದ ಬ್ರಾಕೆಟ್, ವಾಷರ್, ಕ್ಲಿಪ್ಪು ಹೊಡೆಯುವ ಕೆಲಸ. ಶಿಫ್ಟು ಶುರುವಾದ ಕೂಡಲೇ ಹಾಜರಿ ಪುಸ್ತಕ ತುಂಬುವುದು ನನ್ನ ಪಾಲಿನದು. ಅದರಲ್ಲಿ ಮೊದಲು ಹನ್ನೊಂದು ಜನರ ಹೆಸರು, ಇನಿಷಿಯಲ್ ಸಮೇತ. ಅದರ ಕೆಳಗೊಂದು ಗೆರೆ. ಗೆರೆಯ ಕೆಳಗೆ ನಾನು ಬರೆಯುತ್ತಿದ್ದದ್ದು ಹೀಗೆ: ಹಿಂದಿ 1, ಹಿಂದಿ 2, ಹಿಂದಿ 3. ಹೀಗೆ ಏಳರವರೆಗೆ.

ಹಾಗೆ ಬರೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಂಟ್ರಾಕ್ಟರ್ ಕಳಿಸುವ ಹುಡುಗರು ಬರುತ್ತಾರೆ, ಹೋಗುತ್ತಾರೆ, ಹೆಸರು ಬರೆದು ಹೊಡೆದುಹಾಕುವ ಕಷ್ಟ ಯಾಕೆ, ತಲೆಲೆಕ್ಕ ಸರಿಯಿದ್ದರೆ ಸಾಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ಏಳು ಜನರಲ್ಲಿ ಒಬ್ಬನ ಮನೆಮಾತೂ ಹಿಂದಿಯಾಗಿರಲಿಲ್ಲ. ಎಲ್ಲರೂ ಒಡಿಶಾದ ಗಂಜಾಂ ಜಿಲ್ಲೆಯವರು, ಒಡಿಯಾ ಮಾತಾಡುವವರು. ಇಲ್ಲಿಗೆ ಬಂದು, ನಮ್ಮಂಥವರ ಜೊತೆ ವ್ಯವಹರಿಸಬೇಕೆಂದು, ಅರ್ಧಂಬರ್ಧ ಹಿಂದಿ ಕಲಿತಿದ್ದರು. ಬೀದಿಯಲ್ಲಿ ಅವರು ‘ವಡಕ್ಕನ್’, ಅಂದರೆ ಬಡಗಣದವನು. ನನ್ನ ಪುಸ್ತಕದಲ್ಲಿ ಒಂದು ನಂಬರು.

ಇದನ್ನು ಬರೆಯುವ ಮೊದಲು ನನ್ನ ಅಜ್ಜನ ಕತೆ ಹೇಳಬೇಕು. ಹೇಳದಿದ್ದರೆ ನನ್ನ ತಪ್ಪಿನ ತೂಕ ಓದುಗರಿಗೆ ತಿಳಿಯುವುದಿಲ್ಲ.

ಅಜ್ಜ ಉಡುಪಿ ಕಡೆಯ ಹಳ್ಳಿಯಿಂದ 1951ರಲ್ಲಿ ಮದರಾಸಿಗೆ ಬಂದವರು. ಆಗ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲೇ ಇತ್ತು, ಹಾಗಾಗಿ ಅವರು ಪರಊರಿಗೆ ಬಂದಿರಲಿಲ್ಲ, ತಮ್ಮದೇ ರಾಜಧಾನಿಗೆ ಬಂದಿದ್ದರು. ಕಡಂದಲೆ ಕೃಷ್ಣ ರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಮೇಲೆ ನಮ್ಮ ಕಡೆಯ ಎಷ್ಟೋ ಬಡ ಹುಡುಗರಿಗೆ ಮದರಾಸೆಂದರೆ ಎರಡು ಹೊತ್ತು ಊಟ ಸಿಗುವ ಜಾಗ. ಅಜ್ಜನೂ ಬೇರೊಂದು ಸಣ್ಣ ಹೋಟೆಲಿನಲ್ಲಿ ಮೇಜು ಒರೆಸಲು ಸೇರಿದರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಅಜ್ಜ ಅದೇ ಮೇಜು ಒರೆಸುತ್ತಿದ್ದರು. ಮಾರನೆಯ ದಿನದಿಂದ ಹೊರರಾಜ್ಯದವರಾದರು.

ಹೋಟೆಲಿನಲ್ಲಿ ಅವರನ್ನು ಕರೆಯುತ್ತಿದ್ದದ್ದು ‘ಮಾಣಿ’ ಎಂದು. ನಮ್ಮ ಕಡೆ ಹುಡುಗನಿಗೆ ಹಾಗೆನ್ನುತ್ತಾರೆ, ಹೋಟೆಲಿನಲ್ಲಿ ಬಡಿಸುವವನು ಎಷ್ಟೇ ಮುದುಕನಾದರೂ ಮಾಣಿಯೇ. ತಮಿಳು ಗಿರಾಕಿಗಳ ಕಿವಿಗೆ ಅದು ‘ಮಣಿ’ ಎಂದು ಕೇಳಿಸಿತು. ಮಣಿ ಎಂಬುದು ಇಲ್ಲಿ ಮನೆಮನೆಯ ಹೆಸರು. ಅಜ್ಜ ಮಣಿಯಾದರು, ಆಮೇಲೆ ಉಡುಪಿ ಮಣಿಯಾದರು. ಅವರು ತೀರಿಕೊಂಡಾಗ ಬೀದಿಯವರು ಪ್ರೀತಿಯಿಂದ ಕಣ್ಣೀರ್ ಅಂಜಲಿ ಪೋಸ್ಟರು ಹಚ್ಚಿದರು. ಅದರ ಮೇಲೆ ಅಜ್ಜನ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ‘ಉಡುಪಿ ಮಣಿ’. ಅಪ್ಪ ಗೋಡೆಯ ಮುಂದೆ ನಿಂತು ಅದನ್ನು ಓದಿ, ಇವರ ಹೆಸರು ನರಸಿಂಹ ಎಂದು ಈ ಊರಿನಲ್ಲಿ ಯಾರಿಗೂ ಗೊತ್ತೇ ಇರಲಿಲ್ಲವಲ್ಲೋ ಎಂದರು. ನನಗಾಗ ಹನ್ನೆರಡು ವರ್ಷ. ಆ ಮಾತು ನನಗೆ ಮರೆತಿಲ್ಲ. ಮರೆಯದೆ ಇದ್ದುಕೊಂಡೇ ನಾನು ಆ ಪುಸ್ತಕದಲ್ಲಿ ‘ಹಿಂದಿ 4’ ಎಂದು ಬರೆದೆ.

ಹೆಸರಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. 2016ರ ಸೆಪ್ಟೆಂಬರ್ 12. ಕಾವೇರಿ ನೀರಿನ ತೀರ್ಪಿಗೆ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸಾಲಾಗಿ ಉರಿಯುತ್ತಿರುವುದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಅದೇ ದಿನ ಬೆಳಗಿನ ಜಾವ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಎಸೆದಿದ್ದರು. ನಮ್ಮ ಬಾಗಿಲಿನ ಮೇಲೆ ಕನ್ನಡದಲ್ಲಿ ಕೆತ್ತಿಸಿದ ಹಿತ್ತಾಳೆಯ ನಾಮಫಲಕವಿತ್ತು, ಅಪ್ಪ ಮಾಡಿಸಿದ್ದು. ನಾನು ಸ್ಕ್ರೂಡ್ರೈವರ್ ತಂದು ಅದನ್ನು ಬಿಚ್ಚಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಬಾಗಿಲಲ್ಲಿ ನಾಲ್ಕು ತೂತು ಉಳಿಯಿತು. ಸಂಜೆ ಎದುರುಮನೆಯ ಅಕ್ಕ ಹಾಲು ತರಲು ಹೊರಟವರು ಆ ತೂತು ನೋಡಿದರು. ಏನೂ ಕೇಳಲಿಲ್ಲ. ರಾತ್ರಿ ಅವರ ಇಬ್ಬರು ಗಂಡುಮಕ್ಕಳು ತಮ್ಮ ಬೈಕುಗಳನ್ನು ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿ, ಕಟ್ಟೆಯ ಮೇಲೆ ಎರಡು ಗಂಟೆಯವರೆಗೆ ಕೂತಿದ್ದರು. ಮೂರನೆಯ ದಿನ ಅಕ್ಕ ಬಂದು, “ಪಲಗೈಯ ಮಾಟ್ಟು ತಂಬಿ,” ಎಂದರು. ಹಲಗೆಯನ್ನು ಮತ್ತೆ ಹಾಕು ಎಂದು. ಹಾಕಲು ನನಗೆ ಒಂದು ತಿಂಗಳು ಬೇಕಾಯಿತು.

ಆ ತಿಂಗಳು ನಾನು ಅನುಭವಿಸಿದ ಅವಮಾನವನ್ನು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಮೂರು ತಲೆಮಾರು ಇಲ್ಲೇ ಬದುಕಿ, ತಮಿಳಿನಲ್ಲೇ ಓದಿ, ಇನ್ನೂ ನಮ್ಮನ್ನು ‘ಕನ್ನಡಕಾರನ್’ ಎನ್ನುತ್ತಾರೆ ಎಂದು ದುಃಖಪಟ್ಟಿದ್ದೇನೆ. 2009ರ ಆಗಸ್ಟಿನಲ್ಲಿ, ಬೆಂಗಳೂರಿನ ಹಲಸೂರಿನಲ್ಲಿ ಹದಿನೆಂಟು ವರ್ಷ ಮುಚ್ಚಿಟ್ಟಿದ್ದ ತಿರುವಳ್ಳುವರ್ ಪ್ರತಿಮೆಯನ್ನು ಅನಾವರಣ ಮಾಡಿ, ನಾಲ್ಕು ದಿನ ಬಿಟ್ಟು ಇಲ್ಲಿ ಅಯನಾವರಂನ ಜೀವಾ ಪಾರ್ಕಿನಲ್ಲಿ ಸರ್ವಜ್ಞನನ್ನು ನಿಲ್ಲಿಸಿದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಪ್ರತಿಮೆಯ ಮುಂದೆ ನಿಂತು ಕಣ್ಣೊರೆಸಿಕೊಂಡಿದ್ದೆ. ನಮಗೂ ಈ ಊರಿನಲ್ಲಿ ಒಂದು ಮೂಲೆ ಸಿಕ್ಕಿತೆಂಬ ಸಂತೋಷ. ಆ ಸಂತೋಷ ನಿಜವಾದದ್ದೇ. ಆದರೆ ನನ್ನ ಪಕ್ಕದಲ್ಲೇ ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವ ಹುಡುಗರಿಗೂ ಒಂದು ಮೂಲೆ ಬೇಕಾದೀತು ಎಂಬ ಯೋಚನೆ ಒಂದು ಸಲವೂ ಬಂದಿರಲಿಲ್ಲ. 2020ರಲ್ಲಿ ಅಮೆರಿಕದ ಜನ ಜಾರ್ಜ್ ಫ್ಲಾಯ್ಡ್‌ನ ಹೆಸರು ಕೂಗುತ್ತ ಬೀದಿಗಿಳಿದಾಗ ನಾನೂ ಅವನ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ ಹಾಕಿದ್ದೆ. ಜನಾಂಗಭೇದವೆಂದರೆ ಬಿಳಿಯರದು, ದೂರದ್ದು ಎಂದುಕೊಂಡಿದ್ದೆ.

2021ರ ನವೆಂಬರ್, ರಾತ್ರಿ ಪಾಳಿ. ಮಳೆ ಹಿಡಿದಿತ್ತು. ಹತ್ತೂವರೆಯ ಹೊತ್ತಿಗೆ ಮೂರನೆಯ ಪ್ರೆಸ್ಸಿನ ಸದ್ದು ಒಮ್ಮೆಲೇ ನಿಂತಿತು. ಪ್ರೆಸ್ ಶಾಪಿನಲ್ಲಿ ಕೆಲಸ ಮಾಡಿದವರಿಗೆ ಆ ಮೌನ ಗೊತ್ತು. ಹಿಂದಿ ನಾಲ್ಕು ಎಡಗೈಯನ್ನು ಎದೆಗೊತ್ತಿಕೊಂಡು ನಿಂತಿದ್ದ. ತೋರುಬೆರಳು, ನಡುಬೆರಳು ಡೈ ಒಳಗೆ ಉಳಿದಿದ್ದವು. ಒಬ್ಬ ವೇಸ್ಟ್ ಬಟ್ಟೆ ಸುತ್ತಿದ. ಆಟೊದಲ್ಲಿ ಅವನ ಮೊಣಕೈಯನ್ನು ನನ್ನ ತೊಡೆಯ ಮೇಲೆ ಎತ್ತಿ ಹಿಡಿದುಕೊಂಡೆ. ನನ್ನ ಪ್ಯಾಂಟು ಒದ್ದೆಯಾದದ್ದು ಮಳೆಯಿಂದ ಎಂದುಕೊಂಡೆ, ಇಳಿದಾಗ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹೆಂಗಸು ನನ್ನನ್ನು ಕೇಳಿದಳು, “ಪೇರು?”

“ಹಿಂದಿ ಪಯ್ಯನ್,” ಎಂದೆ.

“ಅದು ತೆರಿಯುದು. ಪೇರು ಎನ್ನ?” ಅದು ನೋಡಿದರೇ ಗೊತ್ತಾಗುತ್ತದೆ, ಹೆಸರೇನು?

ನನಗೆ ಗೊತ್ತಿರಲಿಲ್ಲ. ಒಂಬತ್ತು ತಿಂಗಳು ನನ್ನ ಕೈಕೆಳಗೆ ಕೆಲಸ ಮಾಡಿದ ಹುಡುಗ. ಆ ಹೆಂಗಸು ಪೆನ್ನು ಎತ್ತಿ ಹಿಡಿದುಕೊಂಡೇ ಇದ್ದಳು. ಆಗ ಅವನೇ ಹೇಳಿದ. ಶಾಲೆಯಲ್ಲಿ ಎದ್ದು ನಿಂತು ಹೇಳುವ ಹುಡುಗನ ಹಾಗೆ, ಹೆಸರು, ತಂದೆಯ ಹೆಸರು, ಹಳ್ಳಿ, ಜಿಲ್ಲೆ, ವಯಸ್ಸು ಹತ್ತೊಂಬತ್ತು. ಅವನ ಒಪ್ಪಿಗೆ ಕೇಳದೆ ಆ ಹೆಸರನ್ನು ಪತ್ರಿಕೆಯಲ್ಲಿ ಹಾಕುವ ಹಕ್ಕು ನನಗಿಲ್ಲ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಕನ್ನಡದಲ್ಲಿ ಬರೆದರೆ ಮೂರೇ ಅಕ್ಷರ.

ಕೈಗೆ ಹೊಲಿಗೆ ಹಾಕಿ ಹೊರಗೆ ಬೆಂಚಿನ ಮೇಲೆ ಕೂರಿಸಿದಾಗ ಅವನು ನನ್ನನ್ನು ಕೇಳಿದ್ದು ಒಂದೇ: “ಸಾರ್, ಆಜ್ ಕಾ ಹಾಜಿರಿ ಪೂರಾ ಲಿಖೇಂಗೆ ನಾ?” ಇವತ್ತಿನ ಹಾಜರಿ ಪೂರ್ತಿ ಹಾಕುತ್ತೀರಲ್ಲ? ಬೆಳಿಗ್ಗೆ ಬಂದು ಪುಸ್ತಕ ತೆರೆದು ಪೂರ್ತಿ ಹಾಜರಿ ಹಾಕಿದೆ. ಯಾವ ಹೆಸರಿನ ಮುಂದೆ ಹಾಕಿದೆ ಎಂದು ಓದುಗರಿಗೆ ಗೊತ್ತು.

ಪ್ರೆಸ್ಸಿನ ಮೇಲೆ ಒಂದು ಎಚ್ಚರಿಕೆಯ ಫಲಕ ಇತ್ತು, ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ. ತಮಿಳಿನ ‘ಎಚ್ಚರಿಕ್ಕೈ’ ಕನ್ನಡದವನಿಗೆ ಹೇಳಿಕೊಡಬೇಕಾದ ಪದವಲ್ಲ, ಅಜ್ಜನೂ ಅದನ್ನು ಮೊದಲ ದಿನವೇ ತಿಳಿದುಕೊಂಡಿರುತ್ತಾರೆ. ಆ ಹುಡುಗನಿಗೆ ಎರಡೂ ಲಿಪಿ ಬರುತ್ತಿರಲಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕರೆತಂದ ಕೆಲಸಗಾರರಿಗಾಗಿ 1979ರಲ್ಲೇ ಸಂಸತ್ತು ಒಂದು ಕಾಯ್ದೆ ಮಾಡಿತ್ತು. ಅಂಥವರಿಗೆ ಫೋಟೊ ಅಂಟಿಸಿದ ಪಾಸ್‌ಬುಕ್ಕನ್ನು ಕಾಂಟ್ರಾಕ್ಟರ್ ಕೊಡಬೇಕು, ಕೂಲಿ ಎಷ್ಟು, ಎಷ್ಟು ದಿನದ ಕೆಲಸ ಎಂಬುದೆಲ್ಲ ಅದರಲ್ಲಿರಬೇಕು, ಕೆಲಸಗಾರನ ಭಾಷೆ ಹಿಂದಿ ಇಂಗ್ಲಿಷ್ ಅಲ್ಲದಿದ್ದರೆ ಅವನ ಭಾಷೆಯಲ್ಲೂ ಬರೆದಿರಬೇಕು ಎಂದು ಅದು ಹೇಳಿತ್ತು. ಒಡಿಯಾದಲ್ಲಿ ಬರೆದ ಒಂದು ಪಾಸ್‌ಬುಕ್ಕನ್ನು ನಾನು ಕೆಲಸ ಮಾಡಿದ ಕಡೆ ಒಮ್ಮೆಯೂ ನೋಡಿಲ್ಲ. ಎಲ್ಲಿ ಎಂದು ಕೇಳಿಯೂ ಇಲ್ಲ.

ಆಮೇಲೆ ಪುಸ್ತಕ ಬದಲಾಯಿಸಿದೆ. ಹೊಸ ಲೆಜರಿನಲ್ಲಿ ಗೆರೆ ಎಳೆಯಲಿಲ್ಲ, ಹದಿನೆಂಟು ಹೆಸರನ್ನೂ ಒಂದೇ ಸಾಲಾಗಿ ಬರೆದೆ, ಪಕ್ಕದಲ್ಲಿ ಊರು, ಮನೆಯವರ ಫೋನ್ ನಂಬರು. ಮೊದಲ ವಾರ ಹೆಸರು ಕೂಗಿದಾಗ ಅವರು ತಡವರಿಸಿ ಕೈ ಎತ್ತುತ್ತಿದ್ದರು, ಬೇರೆ ಯಾರನ್ನೋ ಕರೆದ ಹಾಗೆ. 2023ರ ಮಾರ್ಚಿನಲ್ಲಿ, ತಮಿಳುನಾಡಿನಲ್ಲಿ ಬಿಹಾರಿಗಳನ್ನು ಕೊಲ್ಲುತ್ತಿದ್ದಾರೆಂಬ ಸುಳ್ಳು ವಿಡಿಯೊಗಳು ಫೋನಿಂದ ಫೋನಿಗೆ ಹರಿದಾಡಿ, ಹೋಳಿಗೆ ಮುಂಚೆ ಊರು ಬಿಡುವವರ ನೂಕುನುಗ್ಗಲು ಎದ್ದಿತು. ನಮ್ಮ ಹುಡುಗರೂ ಹೆದರಿದ್ದರು. ಅವರ ಕೋಣೆಗೆ ಹೋಗಿ ಕೂತೆ. ಎದುರುಮನೆಯ ಅಕ್ಕನ ಮಕ್ಕಳು ಕೂತ ಹಾಗೆ ಎರಡು ರಾತ್ರಿ ಕೂತೆ.

ಅದೇ ವರ್ಷ ಜೂನ್ 2ರ ಸಂಜೆ ಬಾಲೇಶ್ವರದ ಬಹನಗಾದಲ್ಲಿ ಚೆನ್ನೈಗೆ ಬರುತ್ತಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಹಳಿ ತಪ್ಪಿತು. 290ಕ್ಕೂ ಹೆಚ್ಚು ಜನ ಸತ್ತರು. ಜನರಲ್ ಬೋಗಿಯಲ್ಲಿ ಬರುವವರ ಹೆಸರು ಯಾವ ರಿಸರ್ವೇಶನ್ ಪಟ್ಟಿಯಲ್ಲೂ ಇರುವುದಿಲ್ಲ. ಅದೇ ಗಾಡಿಗೆಂದು ನಮ್ಮ ಇಬ್ಬರು ಹುಡುಗರು ಊರಿಂದ ಹೊರಟಿದ್ದರು. ಪುಸ್ತಕ ತೆರೆದು, ಬೆರಳಿಟ್ಟು ಹೆಸರು ಹುಡುಕಿ ಫೋನ್ ಮಾಡಿದೆ. ಬ್ರಹ್ಮಪುರ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಬರಲಾರದ ಗಾಡಿಗೆ ಕಾಯುತ್ತ ಕೂತಿದ್ದರು. ಆ ಅಪಘಾತದಲ್ಲಿ ಸತ್ತ 28 ಜನರ ಶವಗಳನ್ನು ಯಾರೂ ಗುರುತಿಸದೆ, ನಾಲ್ಕು ತಿಂಗಳು ಭುವನೇಶ್ವರದ ಏಮ್ಸ್‌ನಲ್ಲಿ ಇಟ್ಟು, ಅಕ್ಟೋಬರಿನಲ್ಲಿ ಪಾಲಿಕೆಯವರು ಸುಟ್ಟರು. ಅವರೂ ಯಾವುದೋ ಊರಿನ ಯಾವುದೋ ಪುಸ್ತಕದಲ್ಲಿ ನಂಬರುಗಳಾಗಿದ್ದರೋ ಏನೋ. ಆ ಸುದ್ದಿ ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಇಷ್ಟರಿಂದ ನನ್ನ ಲೆಕ್ಕ ಚುಕ್ತಾ ಆಗುವುದಿಲ್ಲ. ಇನ್ನೊಂದು ಕಾಗದ ಉಳಿದಿದೆ. ಅಪಘಾತದ ಮಾರನೆಯ ದಿನ ವರದಿ ಬರೆಯಲು ನನಗೆ ಹೇಳಿದರು. ಕಾರಣ ಎಂಬಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದು ಸಹಿ ಹಾಕಿದೆ. ಆ ಪ್ರೆಸ್ಸಿನ ಗಾರ್ಡು ಎರಡು ತಿಂಗಳಿಂದ ರ‍್ಯಾಕಿನ ಹಿಂದೆ ಬಿದ್ದಿತ್ತು. ಅದಿದ್ದರೆ ತಗಡು ಹಾಕುವುದು ನಿಧಾನವಾಗುತ್ತದೆ, ಗಂಟೆಯ ಲೆಕ್ಕ ಬೀಳುತ್ತದೆ ಎಂದು ಬಿಚ್ಚಿಸಿದವನು ನಾನು. ಗೆರೆಯ ಮೇಲಿನ ಹನ್ನೊಂದು ಜನರಲ್ಲಿ ಒಬ್ಬರನ್ನೂ ಗಾರ್ಡಿಲ್ಲದ ಆ ಪ್ರೆಸ್ಸಿಗೆ ನಿಲ್ಲಿಸುತ್ತಿರಲಿಲ್ಲ. ಅವರ ಮನೆ ನನಗೆ ಗೊತ್ತಿತ್ತು, ಅವರ ಮಕ್ಕಳ ಹೆಸರು ಗೊತ್ತಿತ್ತು. ಕಾಂಟ್ರಾಕ್ಟರ್ ಹುಡುಗನ ಕೈಗೆ ಇಪ್ಪತ್ತು ಸಾವಿರ ಕೊಟ್ಟು ರೈಲು ಹತ್ತಿಸಿದ.

ಈ ಬರಹ ಅಚ್ಚಾಗುವ ಮೊದಲು ಅವನಿಗೆ ಫೋನ್ ಮಾಡಿ, ವರದಿಯಲ್ಲಿ ನಾನು ಬರೆದದ್ದು ಸುಳ್ಳು ಎಂದು ಹೇಳಿದೆ. ಪರಿಹಾರ ಕೇಳುವುದಾದರೆ ಎಲ್ಲಿ ಬೇಕಾದರೂ ಬಂದು ಸಾಕ್ಷಿ ಹೇಳುತ್ತೇನೆ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದ. ಇಲ್ಲಿಯೂ ಬರೆದಿಡುತ್ತೇನೆ: ತಪ್ಪು ಅವನದಲ್ಲ, ನನ್ನದು.